ಹದಿನಾಲ್ಕು ಫೋಟೋ ಬಾಕಿ

ಮೊನ್ನೆ ಶಾವಿಗೆ ಪಾಯಸಕ್ಕೆ ಏಲಕ್ಕಿ ಬೇಕಾಗಿತ್ತು. "ಮೇಲಿನ ಶೆಲ್ಫಿನಲ್ಲಿ ಕರೀ ಡಬ್ಬಿ ಇದೆ, ಕೊಡಿ" ಎಂದು ನನ್ನ ಹೆಂಡತಿ ಶಾರದ ಒಲೆಯ ಮುಂದಿನಿಂದಲೇ ಹೇಳಿದಳು. ಮೇಲಿನ ಶೆಲ್ಫಿನಲ್ಲಿ ಕರೀ ಡಬ್ಬಿ ಇದ್ದದ್ದು ಒಂದಲ್ಲ, ಹನ್ನೊಂದು. ಎಲ್ಲವೂ ಹೆಬ್ಬೆರಳಿನ ಎತ್ತರ, ಎಲ್ಲಕ್ಕೂ ಬೂದು ಮುಚ್ಚಳ. ಒಂದರಲ್ಲಿ ಲವಂಗ, ಒಂದರಲ್ಲಿ ಸೇಫ್ಟಿ ಪಿನ್ನು, ಒಂದರಲ್ಲಿ ಈಗ ಯಾರೂ ತೆಗೆದುಕೊಳ್ಳದ ನಾಲ್ಕಾಣೆಗಳು. ಏಳನೆಯದರಲ್ಲಿ ಏಲಕ್ಕಿ ಸಿಕ್ಕಿತು. ಮೂಸಿ ನೋಡಿದರೆ ಏಲಕ್ಕಿಯ ಹಿಂದೆ ಇನ್ನೊಂದು ವಾಸನೆಯೂ ಇತ್ತು, ಹೊಸ ಫಿಲ್ಮ್ ರೋಲಿನದು. ಇದು ನನ್ನ ಭ್ರಮೆ ಎಂದು ಶಾರದ ಹೇಳುತ್ತಾಳೆ. ಎರಡೂ ಕಡೆಯ ಹೇಳಿಕೆಯನ್ನು ದಾಖಲಿಸುವುದು ನನ್ನ ವೃತ್ತಿಧರ್ಮವಾಗಿದ್ದರಿಂದ ಅದನ್ನೂ ಬರೆದಿದ್ದೇನೆ.

ಒಂದು ಡಬ್ಬಿ ಎಂದರೆ ಒಂದು ರೋಲು. ಒಂದು ರೋಲು ಎಂದರೆ ಮೂವತ್ತಾರು ಫೋಟೋ. ಹನ್ನೊಂದು ಡಬ್ಬಿ ಎಂದರೆ ನಮ್ಮ ಬೊರಿವಲಿ ಸಂಸಾರದ ಮೊದಲ ಹತ್ತು ವರ್ಷ. ಈಗಿನವರಿಗೆ ಈ ಲೆಕ್ಕ ನಗೆ ತರಿಸಬಹುದು. ಆಗ ವರ್ಷಕ್ಕೆ ಒಂದು ರೋಲು ಎಂದರೆ ನಡುಮಧ್ಯಮ ವರ್ಗದ ಮರ್ಯಾದೆಯ ಬಳಕೆ. ಒಂದೇ ರೋಲಿನಲ್ಲಿ ಈ ವರ್ಷದ ಗಣಪತಿ ಒಂದು ತುದಿಗೆ, ಮುಂದಿನ ವರ್ಷದ ಗಣಪತಿ ಇನ್ನೊಂದು ತುದಿಗೆ ಕೂತಿರುತ್ತಿದ್ದರು. ನಡುವೆ ಬಂದುಹೋದವರೆಲ್ಲ ರೋಲು ಮುಗಿಯುವವರೆಗೆ ಕತ್ತಲೆಯಲ್ಲೇ ಕಾಯಬೇಕು. ಫೋಟೋ ತೆಗೆಸಿಕೊಂಡವರು "ಕಾಪಿ ಯಾವಾಗ ಕೊಡ್ತೀರಿ?" ಎಂದು ಕೇಳಿದರೆ ನಾನು ಕ್ಯಾಮೆರಾದ ಅಂಕಿ ನೋಡಿ, "ಇನ್ನೂ ಹತ್ತೊಂಬತ್ತು ಬಾಕಿ" ಎನ್ನುತ್ತಿದ್ದೆ. ಅದು ಕಕ್ಷಿದಾರ ತನ್ನ ವಕೀಲನ ಬಾಯಿಂದ ಮುಂದಿನ ತಾರೀಖು ಕೇಳಿದಷ್ಟೇ ಸ್ಪಷ್ಟವಾದ ಉತ್ತರ.

ನನ್ನ ಕ್ಯಾಮೆರಾವನ್ನು ಕೋಟೆ ಪ್ರದೇಶದ ಒಂದು ಗಲ್ಲಿಯಲ್ಲಿ, ಹಳೆಯ ಕ್ಯಾಮೆರಾ ಮಾರುವ ಅಂಗಡಿಯಲ್ಲಿ ಕೊಂಡಿದ್ದೆ. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಕಚೇರಿಯಿಂದ ಅಲ್ಲಿಗೆ ಐದು ನಿಮಿಷ. ಅಂಗಡಿಯ ಯಜಮಾನ ಬಿಳಿ ಗಡ್ಡದ ಒಬ್ಬ ಶೇಠ್. ಕ್ಯಾಮೆರಾಕ್ಕೆ ಕಬ್ಬಿಣದ ತೂಕ, ಕರೀ ಚರ್ಮದ ಗಟ್ಟಿ ಕವರು, ಒತ್ತಿದರೆ ಬೀಗ ಹಾಕಿದಂತೆ ಸದ್ದು. ಒಂದೇ ಒಂದು ಐಬು: ತಾನಾಗಿಯೇ ಫೋಟೋ ತೆಗೆಯುವ ಟೈಮರಿನ ಕಡ್ಡಿ ಮುರಿದಿತ್ತು. "ಫೋಟೋ ಆಪ್ ನಿಕಾಲೇಗಾ ನಾ ಸಾಬ್? ಫಿರ್ ಟೈಮರ್ ಕಾಯ್ಕೋ?" ಎಂದು ಶೇಠ್ ಕೇಳಿದ. ಫೋಟೋ ತೆಗೆಯುವವನು ನೀನೇ ಆದಮೇಲೆ ಟೈಮರ್ ಏಕೆ ಎನ್ನುವುದು ಆ ಕ್ಷಣಕ್ಕೆ ನ್ಯಾಯವಾದ ಮಾತಾಗಿ ಕಂಡಿತು. ಅದರ ಪೂರ್ತಿ ಅರ್ಥ ನನಗೆ ಆಗಲು ಒಂಬತ್ತು ವರ್ಷ ಬೇಕಾಯಿತು.

ಅರ್ಥ ಇಷ್ಟೇ. ಆ ಒಂಬತ್ತು ವರ್ಷಗಳ ಒಂದು ಫೋಟೋದಲ್ಲೂ ಗುರುತು ಸಿಗುವಂತೆ ನಾನಿಲ್ಲ.

ಬೇರೆಯವರ ಕೈಗೆ ಕ್ಯಾಮೆರಾ ಕೊಡಬಹುದಾಗಿತ್ತು. ಒಮ್ಮೆ ಕೊಟ್ಟಿದ್ದೆ, ನನ್ನ ದೊಡ್ಡಪ್ಪನ ಮಗನಿಗೆ. ಅವನು ತೆಗೆದ ಚಿತ್ರದಲ್ಲಿ ನಮ್ಮ ಹಿಂದಿದ್ದ ತುಳಸಿ ಕಟ್ಟೆಯ ಒಂದೊಂದು ಎಲೆಯೂ ಸ್ಪಷ್ಟವಾಗಿತ್ತು. ನಾವು ಮಂಜಿನಲ್ಲಿ ನಿಂತಂತಿದ್ದೆವು. ಅಂದಿನಿಂದ ಯಾರಿಗೂ ಕೊಡಲಿಲ್ಲ. ಆ ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ನಡುವಿನ ಪುಟ್ಟ ವೃತ್ತದಲ್ಲಿ ಎದುರಿನವರ ಮುಖ ಎರಡು ತುಂಡಾಗಿ ಕಾಣುತ್ತದೆ. ಮುಂದಿನ ಉಂಗುರ ತಿರುಗಿಸುತ್ತ ಹೋಗಿ ಎರಡು ತುಂಡೂ ಕೂಡಿದಾಗ ಒತ್ತಬೇಕು. ನಾನು ಕೂಡಿಸಿ, ಸಂದೇಹ ಬಂದು ಬಿಡಿಸಿ, ಮತ್ತೆ ಕೂಡಿಸುವಷ್ಟರಲ್ಲಿ ನಿಂತವರ ನಗು ಬತ್ತಿ ಹೋಗಿರುತ್ತಿತ್ತು. ನಮ್ಮ ಆಲ್ಬಮ್ಮಿನಲ್ಲಿ ಮದುವೆಯ ಚಿತ್ರಗಳಿಗೂ ತಿಥಿಯ ಚಿತ್ರಗಳಿಗೂ ವ್ಯತ್ಯಾಸ ಬಟ್ಟೆಯಲ್ಲಿ ಮಾತ್ರ ತಿಳಿಯುತ್ತದೆ.

ಫೋಟೋ ವಿಷಯದ ಈ ಜಿಪುಣತನ ನನಗೆ ತಂದೆಯಿಂದ ಬಂದದ್ದು. ನನಗೆ ಆರು ವರ್ಷವಿದ್ದಾಗ ಅವರು ನಮ್ಮೆಲ್ಲರಿಗೂ ಎಣ್ಣೆ ಹಚ್ಚಿ ತಲೆ ಬಾಚಿ, ಮೈಸೂರಿನ ಒಂದು ಸ್ಟುಡಿಯೋಕ್ಕೆ ನಡೆಸಿಕೊಂಡು ಹೋಗಿದ್ದರು. ಹಿಂದೆ ಪರದೆಯ ಮೇಲೆ ಬಣ್ಣದ ಸರೋವರ, ಅದರಲ್ಲಿ ಒಂದು ಹಂಸ. ಫೋಟೋದವನು ಕಪ್ಪು ಬಟ್ಟೆಯೊಳಗಿನಿಂದ "ಉಸಿರು ಹಿಡೀರಿ" ಎಂದ. ನಾನು ಉಸಿರಿನ ಜೊತೆಗೆ ಕಣ್ಣನ್ನೂ ಹಿಡಿದೆ. "ಚಿಕ್ಕೋನು ಕಣ್ಣು ಮುಚ್ಚಿದ ಅಂತ ಕಾಣುತ್ತೆ, ಇನ್ನೊಂದು ತೆಗೆದುಬಿಡ್ಲಾ ಸ್ವಾಮಿ?" ಎಂದು ಅವನು ಕೇಳಿದ. ತಂದೆ ನನ್ನನ್ನು ಒಮ್ಮೆ ನೋಡಿ, "ಬೇಡ, ಮಿಕ್ಕವರೆಲ್ಲ ಬಿಟ್ಟಿದ್ದಾರಲ್ಲ" ಎಂದರು. ನನ್ನ ಬಾಲ್ಯದ ಏಕೈಕ ಚಿತ್ರದಲ್ಲಿ ಹಂಸದ ಕಣ್ಣು ಕೂಡ ತೆರೆದಿದೆ.

ಹೀಗೆ ಬಾಲ್ಯದಲ್ಲಿ ಕಣ್ಣು ಮುಚ್ಚಿದವನು ಯೌವನದಲ್ಲಿ ನಾಪತ್ತೆಯಾದೆ. ಮೈಸೂರಿನಿಂದ ಅತ್ತೆಯವರು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ನಾದಿನಿಯ ಗೃಹಪ್ರವೇಶದ ಫೋಟೋಗಳು ತಲುಪಿದ ಮೇಲೆ ಬಂದ ಪತ್ರದಲ್ಲಿ ಒಂದು ಸಾಲಿತ್ತು: "ಫೋಟೋಗಳು ಚೆನ್ನಾಗಿವೆ. ಅಳಿಯಂದಿರಿಗೆ ಈ ಸಲವೂ ರಜ ಸಿಗಲಿಲ್ಲವೆಂದು ಬೇಸರವಾಯಿತು." ಆ ಗೃಹಪ್ರವೇಶದಲ್ಲಿ ನಾನು ಮೂರು ದಿನ ಇದ್ದು, ಅವರ ಕೈಯಿಂದಲೇ ಎರಡು ಸಲ ಹೋಳಿಗೆ ಹಾಕಿಸಿಕೊಂಡಿದ್ದೆ. ಸಾಕ್ಷಿಗಾಗಿ ಆಲ್ಬಮ್ ಹುಡುಕಿದೆ. ಒಂದು ಚಿತ್ರದ ಕೆಳ ಅಂಚಿನಲ್ಲಿ ನನ್ನ ನೆರಳು ಸಿಕ್ಕಿತು. ಒಂದು ತಲೆ, ಎರಡು ಕಡೆಗೆ ಚಾಚಿದ ಮೊಳಕೈ. ಹಿಡಿಕೆಯಿರುವ ಬೋಗುಣಿಯ ನೆರಳು ಎಂದರೂ ನಡೆಯುತ್ತಿತ್ತು.

ಶಾರದ ಪತ್ರವನ್ನು ಎರಡು ಸಲ ಓದಿದಳು.

"ಬರೋ ವರ್ಷ ವೈಶಾಖದಲ್ಲಿ ಅಪ್ಪನ ಷಷ್ಟ್ಯಬ್ದಿ. ಅಷ್ಟರಲ್ಲಿ ಇದನ್ನ ಮಾರಿ, ಈಗ ಹೊಸದು ಬಂದಿದೆಯಲ್ಲ, ತಾನೇ ಫೋಕಸ್ ಮಾಡ್ಕೊಳ್ಳೋದು, ಅದನ್ನ ತಗೊಳ್ಳಿ. ಯಾರು ಬೇಕಾದ್ರೂ ಒತ್ತಬಹುದಂತೆ."

"ಯಾರು ಬೇಕಾದರೂ ಒತ್ತಿದರೆ ಅದು ಫೋಟೋ ಅಲ್ಲ, ಲಿಫ್ಟು."

"ಲಿಫ್ಟೇ ಆಗಲಿ. ಅಪ್ಪನ ಅರವತ್ತರ ಫೋಟೋದಲ್ಲಿ ನೀವು ಇರಬೇಕು. ಜನ ನನ್ನ ಕೇಳ್ತಾರೆ ರೀ, ಇಬ್ಬರೂ ಚೆನ್ನಾಗಿದ್ದೀರಾ ಅಂತ."

ಮಾರುವುದೆಂದು ಒಪ್ಪಿದೆ.

ಹಳೆಯದನ್ನು ಮಾರುವ ವಿಷಯದಲ್ಲಿ ನಮ್ಮ ಬಿಲ್ಡಿಂಗಿನ ತಜ್ಞರೆಂದರೆ ಮೇಲಿನ ಮಾಳಿಗೆಯ ದೇಸಾಯಿ. ಧಾರವಾಡದವರು. ದಿನಾ ದಾದರಿನಲ್ಲಿ ಲೋಕಲ್ ಬದಲಿಸಿ ವಿಕ್ರೋಳಿಯ ಕಾರ್ಖಾನೆಗೆ ಹೋಗಿಬರುತ್ತಿದ್ದರು. ಟೀವಿ, ಸ್ಕೂಟರ್, ಮಿಕ್ಸಿ, ಟೇಪ್ ರೆಕಾರ್ಡರ್, ಯಾವುದೇ ಆಗಲಿ ಹೊಸ ಮಾಡೆಲ್ಲು ಬರುವುದಕ್ಕೆ ಒಂದು ವಾರ ಮೊದಲೇ ಹಳೆಯದನ್ನು ದಾಟಿಸಿಬಿಡುವುದು ಅವರ ಹೆಮ್ಮೆ. ಅವರ ಹೆಂಡತಿ ಒಮ್ಮೆ ಶಾರದಳ ಮುಂದೆ ಹೇಳಿಕೊಂಡಿದ್ದರು: "ಕುಕ್ಕರಿನ ಸೀಟಿ ಯಾವ್ದು ನಮ್ದು, ಯಾವ್ದು ಬಾಜೂ ಮನೀದು ಅಂತ ನನಗ ಗುರ್ತು ಹತ್ತೂದ್ರೊಳಗ ಮಾರಿರ್ತಾರ ನೋಡ್ರಿ."

ಪ್ಲಾಟ್‌ಫಾರ್ಮಿನಲ್ಲಿ ನನ್ನ ಸಮಸ್ಯೆ ಕೇಳಿ ದೇಸಾಯಿ ಮರುಗಿದರು.

"ತಡಾ ಮಾಡಬ್ಯಾಡ್ರಿ ಸಾಹೇಬ್ರ. ನಂದು ಹೋದ ವಾರ ಕೊಟ್ಟೆ. ಹೊಸಾ ಮಾಡಲ್ ಬಂತು ಅಂತ ನೀವು ಪೇಪರಿನ್ಯಾಗ ಓದೂದ್ರೊಳಗ ಹಳೇದರ ರೇಟ್ ಬಿದ್ದಿರ್ತದ."

"ನಾನು ಪೇಪರ್ ಓದೋನಲ್ಲ ದೇಸಾಯರೇ, ಬರೆಯೋನು."

"ಹಂಗಾರ ಇನ್ನೂ ತಡಾ ಆತು."

ಮರುದಿನವೇ ಶೇಠ್‌ನ ಅಂಗಡಿಗೆ ಹೋದೆ. ಅವನು ಕ್ಯಾಮೆರಾವನ್ನು ಹಸುವಿನ ಹಲ್ಲು ನೋಡುವಂತೆ ತಿರುಗಿಸಿ ನೋಡಿ ಎರಡು ಸಾವಿರದ ಎಂಟುನೂರು ಎಂದ. ಅದಕ್ಕೆ ಸಾವಿರ ಚಿಲ್ಲರೆ ಸೇರಿಸಿದರೆ ಹೊಸದು ಬರುತ್ತಿತ್ತು. ನಾನು ತಲೆಯಾಡಿಸುವಷ್ಟರಲ್ಲಿ ಅವನ ಬೆರಳು ಅಂಕಿಯ ಕಿಂಡಿಯ ಮೇಲೆ ನಿಂತಿತು.

"ಅಂದರ್ ರೋಲ್ ಹೈ ಸಾಬ್. ಚೌದಾ ಬಾಕಿ."

ರೋಲು ಇರುವುದನ್ನು ನಾನು ಮರೆತೇಬಿಟ್ಟಿದ್ದೆ. ಶೇಠ್ ಉದಾರವಾಗಿ, ಸುತ್ತಿ ತೆಗೆದುಕೊಡುತ್ತೇನೆ, ತೆಗೆದ ಫೋಟೋ ಒಂದೂ ಹಾಳಾಗುವುದಿಲ್ಲ, ಖಾಲಿ ಹದಿನಾಲ್ಕು ಮಾತ್ರ ಹೋಗುತ್ತವೆ ಎಂದ. ಖಾಲಿ ಹದಿನಾಲ್ಕು ಮಾತ್ರ! ನನ್ನ ತಂದೆ ಎಲ್ಲಿದ್ದರೋ ಅಲ್ಲಿಂದಲೇ ಕೆಮ್ಮಿದಂತಾಯಿತು. "ಮುಗಿಸಿಕೊಂಡು ಬರುತ್ತೇನೆ" ಎಂದೆ. ಶೇಠ್ ಹಲ್ಲು ಬಿಡದೆ ನಕ್ಕ. "ಆಜ್ ಕಾ ಭಾವ್ ಆಜ್ ಕಾ ಹೈ." ಇವತ್ತಿನ ದರ ಇವತ್ತಿಗೆ.

ಶಾರದ ಬೈಯಬಹುದೆಂದು ಹೆದರಿಕೊಂಡು ಮನೆಗೆ ಬಂದೆ. ಅವಳು ಎಲ್ಲ ಕೇಳಿ, "ಸದ್ಯ, ತೆಗೆಸಿಬಿಡ್ಲಿಲ್ವಲ್ಲ. ಹದಿನಾಲ್ಕು ಫೋಟೋ ಯಾರಾದ್ರೂ ಬಿಸಾಕ್ತಾರಾ?" ಎಂದಳು. ಈ ಕಥೆಯ ಹೊಣೆಯನ್ನು ನಾನೊಬ್ಬನೇ ಹೊರಬೇಕಾಗಿಲ್ಲ ಎನ್ನುವುದಕ್ಕೆ ಈ ಮಾತನ್ನು ದಾಖಲೆಯಲ್ಲಿ ಇಟ್ಟಿದ್ದೇನೆ.

ರೋಲು ಮುಗಿಸುವುದು ಸುಲಭವೆಂದುಕೊಂಡಿದ್ದೆವು. ಆದರೆ ಉಳಿಸಿದ ಫೋಟೋವನ್ನು ಸುಮ್ಮನೆ ಖರ್ಚು ಮಾಡಿದರೆ ಉಳಿಸಿದ ಅರ್ಥವೇನು? ಒಂದು ಭಾನುವಾರ ಬೇಸತ್ತು, ಹದಿನೆಂಟು ದಿನ ಕಾದ ಮೇಲೆ ಬಂದ ಗ್ಯಾಸ್ ಸಿಲಿಂಡರಿಗೆ ಗುರಿಯಿಟ್ಟೆ. "ಅದಕ್ಕೊಂದು ಫೋಟೋನಾ?" ಎಂದು ಶಾರದ ಅಡ್ಡ ನಿಂತಳು. ಅವಳು ಅಡ್ಡ ನಿಂತ ಫೋಟೋ ಬರಲಿ ಎಂದು ಫೋಕಸ್ ಕೂಡಿಸುವಷ್ಟರಲ್ಲಿ ಒಳಗೆ ಹೋದಳು. ಹೀಗೆ ಯೋಗ್ಯ ಸಂದರ್ಭಗಳಿಗೆ ಕಾದೆವು. ಗೌರಿ ಹಬ್ಬಕ್ಕೆ ಎರಡು. ನವರಾತ್ರಿಯ ಬೊಂಬೆಗಳಿಗೆ ನಾಲ್ಕು, ಬೊಂಬೆಗಳಾದರೂ ಅಲುಗಾಡುವುದಿಲ್ಲವೆಂದು. ಮಲಾಡಿನಲ್ಲಿ ಕನ್ನಡದವರೆಲ್ಲ ಸೇರಿ ಮಾಡಿದ ರಾಜ್ಯೋತ್ಸವಕ್ಕೆ ಐದು; ಅದರಲ್ಲಿ ಮೂರು ಅಧ್ಯಕ್ಷರವೇ. ಸಂಕ್ರಾಂತಿಯ ಎಳ್ಳು ಬೀರುವುದಕ್ಕೆ ಮೂರು, ಅಲ್ಲಿಗೆ ಹದಿನಾಲ್ಕೂ ಮುಗಿದವು.

ಮುಗಿದ ರೋಲನ್ನು ತೆಗೆದು, ಶನಿವಾರ ಅಂಗಡಿಗೆ ಹೋಗುವುದೆಂದು ನಿಶ್ಚಯಿಸಿದೆವು. ಶುಕ್ರವಾರ ಸಂಜೆ ದೇಸಾಯಿ ಇಳಿದು ಬಂದರು.

"ಸಾಹೇಬ್ರ, ನಾಳೆ ಮಗಳ ಕುಬಸ ಐತ್ರಿ. ನೀವೂ ವೈನಿಯವ್ರೂ ಬರಬೇಕು. ಬರೂ ಮುಂದ ಕ್ಯಾಮೆರಾ ತಗೊಂಡ್ ಬರ್ರಿ."

"ನಿಮ್ಮ ಹೊಸದು?"

ದೇಸಾಯಿ ಚಪ್ಪಲಿ ನೋಡಿಕೊಂಡರು. "ಹಳೇದು ಛಲೋ ರೇಟಿಗೆ ಹೋತು. ಹೊಸಾದು ದುಬೈದಿಂದ ಅಳಿಯಾ ತರಾಂವ ಇದ್ದ. ಅಂವಗ ರಜಾ ಸಿಗಲಿಲ್ಲ."

ಬಸುರಿ ಮಗಳ ಕುಬಸಕ್ಕೆ ಇಲ್ಲವೆನ್ನಲು ಯಾರಿಗೆ ಸಾಧ್ಯ? ಹೊಸ ರೋಲು ಹಾಕಿದೆ. ಹಸಿರು ಸೀರೆ, ಹಸಿರು ಬಳೆ, ಎಂಟು ಫೋಟೋ ಆಯಿತು. ಬಾಕಿ ಇಪ್ಪತ್ತೆಂಟು.

ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೂ ಒಂದು ಮಧ್ಯಾಹ್ನ ಶೇಠ್‌ನಲ್ಲಿಗೆ ಹೋದೆ, ದರ ಕೇಳುವುದರಲ್ಲಿ ತಪ್ಪೇನಿದೆ ಎಂದು. ಅಂಗಡಿಯ ಚಹರೆ ಬದಲಾಗಿತ್ತು. ಮುಂದಿನ ಗಾಜಿನ ಕಪಾಟಿನಲ್ಲಿ ಸೋಪಿನ ಡಬ್ಬಿಯಷ್ಟು ಹಗುರವಾದ ಹೊಸ ಕ್ಯಾಮೆರಾಗಳು. ನನ್ನದರ ಜಾತಿಯವು ಹಿಂದಿನ ಸಾಲಿಗೆ ಸರಿದು, ನಿವೃತ್ತ ಹೆಡ್‌ಮಾಸ್ತರರಂತೆ ಕೂತಿದ್ದವು. ದರ ಒಂದು ಸಾವಿರದ ಒಂಬೈನೂರಕ್ಕೆ ಇಳಿದಿತ್ತು. ಶೇಠ್ ಕಿಂಡಿ ನೋಡಿ, ಬೆರಳಲ್ಲಿ ಗಡ್ಡ ನೀವಿ, "ಅಠ್ಠಾಯೀಸ್ ಬಾಕಿ" ಎಂದ. ಸಂತಾಪ ಸೂಚಿಸುವ ಧ್ವನಿ. ನನಗೆ ಸಿಟ್ಟು ಬಂತು. ಹೊಸದರ ಪ್ಲಾಸ್ಟಿಕ್ ಮೈ ತೋರಿಸಿ, ಇದು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದೆ. "ಅಗಲಾ ಮಾಡೆಲ್ ಆನೇ ತಕ್" ಎಂದ ಶೇಠ್, ಮುಂದಿನ ಮಾಡೆಲ್ಲು ಬರುವ ತನಕ. ಪತ್ರಿಕೆಯಲ್ಲಿ ಎಷ್ಟೋ ಅರ್ಥಶಾಸ್ತ್ರಜ್ಞರ ಲೇಖನ ತಿದ್ದಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಇಪ್ಪತ್ತೆಂಟನ್ನು ಷಷ್ಟ್ಯಬ್ದಿಗೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ತೀರ್ಮಾನವಾಯಿತು ಎಂದು ಬರೆದದ್ದು ನಾನು. ಶಾರದಳ ಒಪ್ಪಿಗೆ ದಾಖಲೆಯಲ್ಲಿಲ್ಲ. ವೈಶಾಖ ಬಂತು. ರೈಲಿನಲ್ಲಿ ಇಡೀ ಪ್ರಯಾಣ ಅವಳು ಕ್ಯಾಮೆರಾದ ಕವರನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಕಡಲೆಕಾಯಿ ಕೊಂಡು ಕೊಟ್ಟೆ. ತೆಗೆದುಕೊಂಡಳು.

ಮೈಸೂರಿನ ಛತ್ರ. ಬೆಳಗಿನ ಹೋಮ ಮುಗಿದು ಮಾವನವರೂ ಅತ್ತೆಯವರೂ ಹೊಸ ರೇಷ್ಮೆಯುಟ್ಟು, ಹೂವಿನ ಹಾರ ಹಾಕಿಕೊಂಡು ಮಣೆಯ ಮೇಲೆ ಕುಳಿತಿದ್ದರು. ನಾನು ಅಭ್ಯಾಸಬಲದಿಂದ ಕವರಿನ ಗುಂಡಿ ಬಿಚ್ಚಿದೆ. ಒಂದು ಕೈ ನಡುವೆ ಬಂತು.

"ಕೊಡಿ ಇಲ್ಲಿ" ಎಂದಳು ಶಾರದ.

"ನಿನಗೆ ಫೋಕಸ್ಸು..."

"ಎರಡು ತುಂಡು ಕೂಡೋವರೆಗೆ ಉಂಗುರ ತಿರುಗಿಸಬೇಕು. ಬೆಳಕಿನ ಅಂಕಿ ಬಿಸಿಲಿಗೆ ಹದಿನಾರು, ನೆರಳಿಗೆ ಎಂಟು. ಹತ್ತು ವರ್ಷದಿಂದ ಜಪ ಮಾಡ್ತಿದ್ದೀರಿ ರೀ, ಗಿಳಿಗೂ ಬಂದಿರೋದು. ಹೋಗಿ ಅಪ್ಪನ ಪಕ್ಕ ನಿಂತ್ಕೊಳ್ಳಿ."

"ಹದಿನಾರು ಅಲ್ಲ, ಈಗ ಮೋಡ ಇದೆ, ಹನ್ನೊಂದು..."

"ನಿಂತ್ಕೊಳ್ಳಿ."

ಮಾವನವರು ಹೋಮದ ಹೊಗೆಯ ಕಣ್ಣಲ್ಲೇ ನನ್ನ ಕಡೆ ವಾಲಿ, "ನಿಂತ್ಕೊಂಡುಬಿಡಿ. ನಾನು ಮೂವತ್ತು ವರ್ಷದಿಂದ ಇವಳಮ್ಮ ಹೇಳಿದ ಕಡೆ ನಿಂತಿದ್ದೀನಿ, ಏನೂ ತೊಂದರೆಯಾಗಿಲ್ಲ" ಎಂದು ಪಿಸುಗುಟ್ಟಿದರು. ನಿಂತೆ. ನಾನು ಉಸಿರು ಹಿಡಿಯುವ ಮೊದಲೇ ಬೀಗದ ಸದ್ದಾಯಿತು. ಅವಳು ಎರಡು ತುಂಡನ್ನು ಒಂದೇ ಸಲಕ್ಕೆ ಕೂಡಿಸುತ್ತಿದ್ದಳು, ಮತ್ತೆ ಬಿಡಿಸಿ ನೋಡುತ್ತಿರಲಿಲ್ಲ. ಆರತಿ, ಅಕ್ಷತೆ, ಊಟದ ಪಂಕ್ತಿ ಎಲ್ಲ ಮುಗಿಯುವ ಹೊತ್ತಿಗೆ ಇಪ್ಪತ್ತನಾಲ್ಕು ತೆಗೆದಿದ್ದಳು. ಮಕ್ಕಳು, ಸೊಸೆ, ಅಳಿಯಂದಿರು, ಮೊಮ್ಮಕ್ಕಳು ಸಾಲಾಗಿ ಹಿರಿಯರ ಕಾಲಿಗೆ ನಮಸ್ಕಾರ ಮಾಡಿದರು. ಪ್ರತಿಯೊಬ್ಬರು ಬಗ್ಗಿದಾಗಲೂ ಅವಳು ಕಿಂಡಿಯ ಹಿಂದಿದ್ದಳು.

ಬೊರಿವಲಿಗೆ ಬಂದಾಗ ರೋಲಿನಲ್ಲಿ ನಾಲ್ಕು ಉಳಿದಿದ್ದವು. "ಗೌರಿ ಹಬ್ಬಕ್ಕೆ..." ಎಂದು ನಾನು ಶುರು ಮಾಡಿದೆ. ಶಾರದ ಕ್ಯಾಮೆರಾವನ್ನು ಊಟದ ಮೇಜಿನ ಮೇಲಿಟ್ಟು, ಸುತ್ತುವ ಹಿಡಿಕೆ ಬಿಡಿಸಿ, ರೋಲನ್ನು ಹಿಂದಕ್ಕೆ ಸುತ್ತತೊಡಗಿದಳು. ನಾಲ್ಕು ಖಾಲಿ ಫೋಟೋ ಕರಕರ ಎನ್ನುತ್ತ ಹೋದವು. ನಾನು ಬಾಲ್ಕನಿಗೆ ಹೋಗಿ ನಿಂತೆ.

ಪ್ರಿಂಟುಗಳು ಬಂದವು. ಒಂದರಲ್ಲೂ ಮಂಜಿಲ್ಲ. ಜನ ನಗುತ್ತಿದ್ದರು, ನಿಜವಾಗಿಯೂ. ನಾನು ಬಹುತೇಕ ಎಲ್ಲದರಲ್ಲೂ ಇದ್ದೆ. ಎಲ್ಲದರಲ್ಲೂ ನನ್ನ ಬಾಯಿ ತೆರೆದಿತ್ತು, ಒಂದು ಕೈ ಮುಂದೆ ಚಾಚಿತ್ತು: ಹನ್ನೊಂದು ಇಡು ಎಂದು ಹೇಳುತ್ತಿದ್ದ ಹೊತ್ತು. ಅಪರಿಚಿತರು ನೋಡಿದರೆ, ಷಷ್ಟ್ಯಬ್ದಿಗೆ ಆಕ್ಷೇಪಣೆಯೆತ್ತಲು ಬಂದವನೆಂದುಕೊಳ್ಳಬೇಕು. ಕಾಪಿಗಳನ್ನು ಮೈಸೂರಿಗೆ ಕಳಿಸಿದೆವು. ಅತ್ತೆಯವರ ಪತ್ರ ಬಂತು: "ಅಳಿಯಂದಿರು ಎಲ್ಲದರಲ್ಲೂ ಇದ್ದಾರೆ, ಬಹಳ ಸಂತೋಷ. ಶಾರದ ಯಾವುದರಲ್ಲೂ ಕಾಣಲಿಲ್ಲ. ನಿಮ್ಮ ಮಾವ ಹುಡುಕಿ ಹುಡುಕಿ ಇಟ್ಟರು."

ಹತ್ತು ವರ್ಷದ ಬಳಿಕ, ಈಗ ಕ್ಯಾಮೆರಾದೊಳಗೆ ರೋಲಿರಲಿಲ್ಲ. ಮಾರಲು ಅದೇ ಸಮಯವೆಂದು ಅಂಗಡಿಗೆ ಒಯ್ದೆ. ಶೇಠ್ ಅದನ್ನು ಕೈಗೆ ತೆಗೆದುಕೊಂಡ, ಅಂಕಿಯ ಕಿಂಡಿ ನೋಡಿದ, ಸೊನ್ನೆ ಕಂಡು ಹುಬ್ಬೇರಿಸಿದ. "ಖಾಲೀ ಹೈ! ಅಬ್ ಲಾಯಾ?" ಈಗ ತಂದಿರಾ? ನಂತರ ಕ್ಯಾಮೆರಾವನ್ನು ಕವರಿನಿಂದ ಬಿಡಿಸಿ ನನ್ನ ಕಡೆ ಸರಿಸಿ, ಚರ್ಮದ ಕವರನ್ನು ತನ್ನ ಕಡೆ ಎಳೆದುಕೊಂಡ. ಇಂಥ ಗಟ್ಟಿ ಕವರು ಈಗ ಯಾರೂ ಮಾಡುವುದಿಲ್ಲ, ಇದಕ್ಕೆ ನೂರೈವತ್ತು ಕೊಡುತ್ತೇನೆ, ಕ್ಯಾಮೆರಾ ನೀವೇ ಇಟ್ಟುಕೊಳ್ಳಿ ಎಂದ.

ಕೊಟ್ಟೆ. ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿ ಹೊರಬಿದ್ದೆ. ಆ ದುಡ್ಡನ್ನು ಸ್ಟೇಷನ್ನಿನವರೆಗೂ ಒಯ್ಯಲಿಲ್ಲ. ಅದೇ ರಸ್ತೆಯ ಸ್ಟುಡಿಯೋದಲ್ಲಿ ಷಷ್ಟ್ಯಬ್ದಿಯ ಒಂದು ಚಿತ್ರವನ್ನು ದೊಡ್ಡದು ಮಾಡಿಸಿ ಎರಡು ಕಾಪಿ ತೆಗೆಸಿ, ಕಟ್ಟು ಹಾಕಿಸಲು ಕೊಟ್ಟೆ. ಒಂದು ನಮಗೆ, ಒಂದು ಮೈಸೂರಿಗೆ.

ಅದು ಛತ್ರದ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ತೆಗೆದದ್ದು. ಅಷ್ಟು ಹೊತ್ತಿಗೆ ಮೋಡ ಸರಿದು ಇಳಿಬಿಸಿಲು ಬಂದಿತ್ತು, ಶಾರದಳ ಬೆನ್ನಿಗೆ. ಮೊದಲ ಸಲ ನೋಡಿದಾಗ ನಾನು ನನ್ನ ತೆರೆದ ಬಾಯಿಯನ್ನಷ್ಟೇ ನೋಡಿದ್ದೆ. ಅತ್ತೆಯವರ ಪತ್ರ ಬಂದ ಮೇಲೆ ಕೆಳಗೆ ನೋಡಿದೆ. ಅಂಗಳದ ನೆಲದ ಮೇಲೆ ಒಂದು ನೆರಳು. ಎರಡು ಕಡೆಗೆ ಚಾಚಿದ ಮೊಳಕೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಉದ್ದಕ್ಕೆ ಚಾಚಿ ಬಂದು, ಅದರ ತಲೆ ಸರಿಯಾಗಿ ಮಾವನವರ ಪಾದಗಳ ಮೇಲೆ ಬಿದ್ದಿತ್ತು.

ಪತ್ರಿಕೆಯಲ್ಲಿ ನನ್ನ ಕೆಲಸಗಳಲ್ಲಿ ಒಂದು, ಚಿತ್ರಗಳಿಗೆ ಅಡಿಬರಹ ಬರೆಯುವುದು. ಅದಕ್ಕೆ ಎರಡೇ ನಿಯಮ. ಚಿತ್ರದಲ್ಲಿ ಇಲ್ಲದವರ ಹೆಸರು ಬರೆಯಬಾರದು. ಇರುವವರ ಹೆಸರು ಬಿಡಬಾರದು. ಕಟ್ಟು ಹಾಕುವ ಮೊದಲು ಎರಡೂ ಕಾಪಿಗಳ ಹಿಂದೆ ಎಂದಿನಂತೆ "ಎಡದಿಂದ ಬಲಕ್ಕೆ" ಎಂದು ಆರಂಭಿಸಿ ಹನ್ನೆರಡು ಹೆಸರು ಬರೆದೆ. ಎಣಿಸಿದೆ. ಒಂದು ಕಡಿಮೆ ಇತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ:

"ನೆಲದ ಮೇಲೆ, ತಂದೆಯ ಪಾದದ ಬಳಿ: ಶಾರದ."